ಮನೆ ಕಂದಾಯ ಕಟ್ಟುತ್ತೇವೆ, ಖಾತೆ ಯಾರ ಹೆಸರಲ್ಲಿದೆ?



ಸಂಘದ ಸಭೆಗಳಿಗೆ ನಾವು ಬಂದಾಗ ಉಳಿತಾಯ, ಸಾಲ, ಮರುಪಾವತಿ ಎಲ್ಲಾ ಮುಗಿದ ಮೇಲೆ ಈಗ ಎರಡು ವರ್ಷದಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರ್ತಾ ಇದೆ. "ಸಿಸ್ಟರ್, ಕಂದಾಯ ಜಾಸ್ತಿ ಆಗಿದೆಯಂತೆ, ಯಾಕೆ?" "ಇ-ಖಾತೆ ಮಾಡಿಸಲೇ ಬೇಕಂತೆ, ಹೌದಾ?" "ಬಿ ಖಾತೆ ಕೊಡ್ತಾರಂತೆ, ತಗೊಂಡರೆ ಮನೆ ಸಕ್ರಮ ಆಗುತ್ತಾ?" ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೆಲವರು ಹೆದರಿ ಏಜೆಂಟರ ಕೈಗೆ ಸಾವಿರಾರು ರೂಪಾಯಿ ಕೊಟ್ಟಿದ್ದಾರೆ. ಅದಕ್ಕಾಗಿ ಈ ಸಲ ಆಸ್ತಿ ತೆರಿಗೆಯ ಬಗ್ಗೆಯೇ ಬರೆಯೋಣ ಅಂತ ತೀರ್ಮಾನಿಸಿದೆವು. ದಯವಿಟ್ಟು ಓದಲು ಬರುವವರು ಓದಲು ಬಾರದವರಿಗೆ ಸಭೆಯಲ್ಲಿ ಓದಿ ಹೇಳಿ.

ಮೊದಲು ಒಂದು ಘಟನೆ

ನಮ್ಮ ಒಂದು ಸಂಘದ ಸದಸ್ಯೆಯ ಕಥೆ ಇದು. ಹೆಸರು ಬೇಡ. ಊರು ಒಂದು ಪುರಸಭೆಯ ವ್ಯಾಪ್ತಿಯಲ್ಲಿದೆ. ಆಕೆಯ ಮಾವ ತಮ್ಮ ಸ್ವಂತ ದುಡಿಮೆಯಲ್ಲಿ ಕಟ್ಟಿದ ಹಂಚಿನ ಮನೆ. ಮಾವ ತೀರಿಕೊಂಡರು, ಕೆಲವು ವರ್ಷ ಕಳೆದು ಗಂಡನೂ ತೀರಿಕೊಂಡರು. ಅತ್ತೆ ಮೊದಲೇ ಹೋಗಿದ್ದರು. ಮೈದುನ ಬೇರೆ ಊರಲ್ಲಿ, ನಾದಿನಿ ಮದುವೆಯಾಗಿ ಹೋದವಳು. ಈಕೆ ಎರಡು ಮಕ್ಕಳನ್ನು ಕಟ್ಟಿಕೊಂಡು ಅದೇ ಮನೆಯಲ್ಲಿ ಉಳಿದಳು. ಹದಿನಾಲ್ಕು ವರ್ಷ ಒಂದೂ ತಪ್ಪಿಸದೆ ಕಂದಾಯ ಕಟ್ಟಿದಳು. ರಸೀದಿಗಳನ್ನೆಲ್ಲಾ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಇಟ್ಟಿದ್ದಳು.

ಮಗಳು ದೊಡ್ಡವಳಾದಳು, ಒಂದು ಕೋಣೆ ಹಾಕಿಸಬೇಕು ಅಂತ ಬ್ಯಾಂಕಿಗೆ ಸಾಲಕ್ಕೆ ಹೋದಳು. ಬ್ಯಾಂಕಿನವರು ಇ-ಖಾತೆ ಕೇಳಿದರು. ಪುರಸಭೆಯಲ್ಲಿ ವಿಚಾರಿಸಿದರೆ ಖಾತೆ ಇನ್ನೂ ಮಾವನ ಹೆಸರಲ್ಲೇ ಇದೆ. "ರಸೀದಿ ನನ್ನ ಹತ್ರ ಇದೆಯಲ್ಲಾ ಸಾರ್" ಅಂದಳು. ರಸೀದಿ ತಿರುಗಿಸಿ ನೋಡಿದರೆ ಹದಿನಾಲ್ಕರಲ್ಲೂ ಮಾವನ ಹೆಸರೇ.

ವಿಷಯ ಮೈದುನನಿಗೆ ಗೊತ್ತಾಯಿತು. ಒಂದು ಭಾನುವಾರ ಅವನು ಛಾಪಾ ಕಾಗದ ಹಿಡಿದು ಬಂದ. "ಅತ್ತಿಗೆ, ಖಾತೆ ಮಾಡಿಸೋಕೆ ನಿಮ್ಮ ಸಹಿ ಬೇಕು, ಇಲ್ಲಿ ಹಾಕಿ, ನಾಳೆ ಆಫೀಸಿಗೆ ಬನ್ನಿ" ಅಂದ. ಈಕೆ "ನಾಳೆ ಸಂಘದ ಸಭೆ ಇದೆ, ಮುಗಿಸಿ ಬರ್ತೀನಿ" ಅಂತ ಹೇಳಿ ಕಾಗದ ಇಟ್ಟುಕೊಂಡಳು. ಸಭೆಯಲ್ಲಿ ಅದನ್ನು ಓದಿಸಿದಾಗ ಗೊತ್ತಾಯಿತು, ಅದು ಹಕ್ಕು ಬಿಡುಗಡೆ ಪತ್ರ. ಆಕೆ ಮತ್ತು ಮಕ್ಕಳು ಮನೆಯ ಮೇಲಿನ ಎಲ್ಲಾ ಹಕ್ಕನ್ನು ಮೈದುನನಿಗೆ ಬಿಟ್ಟುಕೊಡುತ್ತಾರೆ ಅಂತ ಅದರಲ್ಲಿ ಬರೆದಿತ್ತು.

ಮುಂದೆ ಏನಾಯಿತು ಅಂತ ಕೊನೆಗೆ ಹೇಳುತ್ತೇವೆ. ಮೊದಲು ಈ ಕಂದಾಯ, ಖಾತೆ ಅಂದರೇನು, ಕಾನೂನು ಎಲ್ಲೆಲ್ಲಿ ಬದಲಾಗಿದೆ ಅನ್ನೋದನ್ನು ತಿಳಿದುಕೊಳ್ಳೋಣ.

ತೆರಿಗೆ, ಖಾತೆ, ಹಕ್ಕು: ಮೂರೂ ಬೇರೆ ಬೇರೆ

ಆಸ್ತಿ ತೆರಿಗೆ: ನಮ್ಮ ಮನೆ, ಅಂಗಡಿ, ಖಾಲಿ ನಿವೇಶನದ ಮೇಲೆ ಸ್ಥಳೀಯ ಸಂಸ್ಥೆ ವರ್ಷಕ್ಕೊಮ್ಮೆ ಹಾಕುವ ತೆರಿಗೆ. ಹಳ್ಳಿಯಲ್ಲಿ ಗ್ರಾಮ ಪಂಚಾಯತಿ, ಪಟ್ಟಣದಲ್ಲಿ ಪಟ್ಟಣ ಪಂಚಾಯತಿ, ಪುರಸಭೆ, ನಗರಸಭೆ ಅಥವಾ ಮಹಾನಗರ ಪಾಲಿಕೆ ಇದನ್ನು ವಸೂಲು ಮಾಡುತ್ತದೆ. ಬೀದಿ ದೀಪ, ಚರಂಡಿ, ಕಸ ವಿಲೇವಾರಿಗೆ ಈ ಹಣ ಬೇಕು. ಹೊಲ ಗದ್ದೆಗೆ ಕಟ್ಟುವ ಭೂಕಂದಾಯ ಇದಲ್ಲ, ಅದು ಬೇರೆ.

ಖಾತೆ: ಯಾವ ಆಸ್ತಿಗೆ ಯಾರಿಂದ ತೆರಿಗೆ ವಸೂಲು ಮಾಡಬೇಕು ಅಂತ ಸ್ಥಳೀಯ ಸಂಸ್ಥೆ ಇಟ್ಟುಕೊಂಡಿರುವ ಲೆಕ್ಕದ ಪುಸ್ತಕ. ಅದರಲ್ಲಿ ಆಸ್ತಿಯ ಸಂಖ್ಯೆ, ಅಳತೆ, ಚಕ್ಕುಬಂದಿ, ಹೆಸರು ಇರುತ್ತದೆ. ಈ ಪುಸ್ತಕ ಕಂಪ್ಯೂಟರಿಗೆ ಬಂದಾಗ ಅದಕ್ಕೆ ಇ-ಖಾತೆ ಅಂತ ಹೆಸರು.

ಹಕ್ಕು: ಆಸ್ತಿ ನಿಜವಾಗಿ ಯಾರದು ಅನ್ನೋದು. ಇದು ಕ್ರಯಪತ್ರ, ದಾನಪತ್ರ, ವಿಭಾಗ ಪತ್ರ, ಉಯಿಲು, ಸರ್ಕಾರದ ಹಕ್ಕುಪತ್ರ ಅಥವಾ ವಾರಸುದಾರಿಕೆಯಿಂದ ಬರುತ್ತದೆ. ನೂರು ವರ್ಷ ಕಂದಾಯ ಕಟ್ಟಿದರೂ ರಸೀದಿಯಿಂದ ಹಕ್ಕು ಹುಟ್ಟುವುದಿಲ್ಲ. ಖಾತೆಯಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಇರುವ ಹಕ್ಕು ಹೋಗುವುದೂ ಇಲ್ಲ.

ಹಾಗಾದರೆ ಖಾತೆಗೆ ಯಾಕಿಷ್ಟು ಬೆಲೆ? ಸಾಲ ಬೇಕು, ಮನೆ ಕಟ್ಟಲು ಪರವಾನಗಿ ಬೇಕು, ಮಾರಬೇಕು, ಮಕ್ಕಳ ಹೆಸರಿಗೆ ಮಾಡಬೇಕು, ಎಲ್ಲದಕ್ಕೂ ಮೊದಲು ಕೇಳುವುದು ಖಾತೆಯನ್ನೇ. ಕಾನೂನಿನ ಇತ್ತೀಚಿನ ಬದಲಾವಣೆಗಳು ಇದನ್ನು ಇನ್ನಷ್ಟು ಗಟ್ಟಿ ಮಾಡಿವೆ.

ಲೆಕ್ಕ ಹಾಕುವ ರೀತಿ ಹೇಗೆ ಬದಲಾಯಿತು?

ಪಟ್ಟಣಗಳಿಗೆ 1964ರ ಕರ್ನಾಟಕ ಪೌರಸಭೆಗಳ ಕಾಯ್ದೆ, ದೊಡ್ಡ ನಗರಗಳಿಗೆ 1976ರ ಪೌರ ನಿಗಮಗಳ ಕಾಯ್ದೆ ಅನ್ವಯಿಸುತ್ತದೆ. ಬೆಂಗಳೂರಿನ ಕಾನೂನು ಬೇರೆಯೇ ಇದೆ, ಅದರ ಬಗ್ಗೆ ಇಲ್ಲಿ ಬರೆದಿಲ್ಲ.

ಹಿಂದೆ: ಮನೆಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬರಬಹುದು ಅಂತ ಅಧಿಕಾರಿಗಳು ಅಂದಾಜು ಮಾಡಿ ತೆರಿಗೆ ಹಾಕುತ್ತಿದ್ದರು. ಒಂದೇ ಬೀದಿಯ ಎರಡು ಮನೆಗೆ ಎರಡು ರೀತಿಯ ತೆರಿಗೆ ಬರುತ್ತಿತ್ತು. ಯಾಕೆ ಅಂತ ಕೇಳಿದರೆ ಉತ್ತರ ಸಿಗುತ್ತಿರಲಿಲ್ಲ.

2002-03ರಿಂದ: ಸ್ವಯಂ ಘೋಷಣೆ ಪದ್ಧತಿ ಬಂತು. ಮಾಲೀಕರೇ ಅಳತೆ ಬರೆದು, ತೆರಿಗೆ ಲೆಕ್ಕ ಹಾಕಿ, ಫಾರಂ ತುಂಬಿ ಕಟ್ಟಬೇಕು. ಲೆಕ್ಕಕ್ಕೆ ಆಧಾರ ಆಸ್ತಿಯ ಬೆಲೆ. ಆ ಮೇಲೆ ಮೂರು ವರ್ಷಕ್ಕೊಮ್ಮೆ ಶೇ. 15ರಿಂದ 30ರವರೆಗೆ ತೆರಿಗೆ ಹೆಚ್ಚಿಸುವ ಕ್ರಮ ಇತ್ತು.

2021-22ರಿಂದ: ತಿದ್ದುಪಡಿ ಬಂದು ಆಧಾರ ಮತ್ತೆ ಬದಲಾಯಿತು. ಈಗ ಚಾಲ್ತಿಯಲ್ಲಿರುವ ಮಾರ್ಗಸೂಚಿ ಬೆಲೆಯ ಶೇ. 25ನ್ನು ತೆಗೆದುಕೊಂಡು ಅದರ ಮೇಲೆ ತೆರಿಗೆ ಹಾಕುತ್ತಾರೆ. ಮಾರ್ಗಸೂಚಿ ಬೆಲೆ ಅಂದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿಗೆ ಲೆಕ್ಕ ಹಿಡಿಯುವ ಸರ್ಕಾರಿ ರೇಟು. ಮೂರು ವರ್ಷಕ್ಕೊಮ್ಮೆ ಏರಿಸುವ ಬದಲು ವರ್ಷಕ್ಕೆ ಶೇ. 3ರಿಂದ 5ರವರೆಗೆ ಏರಿಸುವ ಕ್ರಮ ಬಂತು.

ಇದರ ಅರ್ಥ ಏನು? ನಮ್ಮ ಬೀದಿಯಲ್ಲಿ ಸರ್ಕಾರಿ ರೇಟು ಏರಿದರೆ ನಮ್ಮ ಕಂದಾಯದ ಬುಡವೂ ಏರುತ್ತದೆ. ಮನೆ ಅದೇ ಹಳೇ ಹಂಚಿನ ಮನೆಯಾದರೂ, ಪಕ್ಕದಲ್ಲಿ ಬಸ್ ಸ್ಟ್ಯಾಂಡ್ ಬಂದು ಜಾಗದ ಬೆಲೆ ಏರಿದರೆ ನಮಗೂ ಅದು ತಟ್ಟುತ್ತದೆ. ರಾಜ್ಯದಲ್ಲಿ ಮಾರ್ಗಸೂಚಿ ಬೆಲೆ 2023ರ ಅಕ್ಟೋಬರ್ 1ರಿಂದ ಪರಿಷ್ಕರಣೆ ಆಗಿದೆ. ಹಾಗೆಯೇ ಗ್ರಾಮ ಪಂಚಾಯತಿಯಿಂದ ಪಟ್ಟಣ ಪಂಚಾಯತಿ ಆದ ಊರುಗಳಲ್ಲಿ ಲೆಕ್ಕದ ರೀತಿಯೇ ಬದಲಾಗುವುದರಿಂದ ಕಂದಾಯ ಒಮ್ಮೆಲೇ ಏರಿದಂತೆ ಕಾಣುತ್ತದೆ.

ಒಂದು ಉದಾಹರಣೆ ಲೆಕ್ಕ

ಒಂದು ಮನೆ. ನಿವೇಶನ ಮತ್ತು ಕಟ್ಟಡ ಸೇರಿ ಮಾರ್ಗಸೂಚಿ ಬೆಲೆ 12,00,000 ರೂ. ಅಂತ ಇಟ್ಟುಕೊಳ್ಳೋಣ. ಕಟ್ಟಡ ಹಳೆಯದಾದಷ್ಟೂ ಅದರ ಬೆಲೆಯಲ್ಲಿ ಸವಕಳಿ ಕಳೆಯುತ್ತಾರೆ, ಅದನ್ನು ಕಳೆದ ಮೇಲಿನ ಮೊತ್ತ ಇದು.

- ಅದರ ಶೇ. 25: 3,00,000 ರೂ.
- ವಾಸದ ಮನೆಗೆ ನಿಮ್ಮ ಊರಿನ ದರ ಶೇ. 0.5 ಅಂತ ಇದ್ದರೆ ತೆರಿಗೆ: 1,500 ರೂ.
- ತೆರಿಗೆಯ ಮೇಲೆ ಉಪಕರ: ಆರೋಗ್ಯ ಶೇ. 15, ಗ್ರಂಥಾಲಯ ಶೇ. 6, ಭಿಕ್ಷುಕರ ಪರಿಹಾರ ಶೇ. 3. ಒಟ್ಟು ಶೇ. 24, ಅಂದರೆ 360 ರೂ.
- ಎರಡೂ ಸೇರಿ: 1,860 ರೂ.

ಇದರ ಜೊತೆ ಕಸ ವಿಲೇವಾರಿ ಶುಲ್ಕ ಇರುತ್ತದೆ. ಶೇ. 0.5 ಅನ್ನೋದು ಉದಾಹರಣೆ ಮಾತ್ರ. ದರವನ್ನು ಕಾಯ್ದೆಯ ಮಿತಿಯೊಳಗೆ ನಿಮ್ಮ ಊರಿನ ಪುರಸಭೆಯೇ ನಿಗದಿ ಮಾಡುತ್ತದೆ. ವಾಸದ ಮನೆಗೆ ಒಂದು ದರ, ಅಂಗಡಿಗೆ ಹೆಚ್ಚಿನ ದರ, ಖಾಲಿ ನಿವೇಶನಕ್ಕೆ ಇನ್ನೊಂದು.

ನಮ್ಮ ಎಷ್ಟೋ ಸದಸ್ಯೆಯರು ಮನೆಯ ಮುಂದಿನ ಕೋಣೆಯಲ್ಲೇ ಟೈಲರಿಂಗ್, ಚಿಲ್ಲರೆ ಅಂಗಡಿ, ಹಪ್ಪಳ ಉಪ್ಪಿನಕಾಯಿ ಮಾರಾಟ ಮಾಡುತ್ತಾರೆ. ಅಂಥವರು ಅಂಗಡಿಗೆ ಬಳಸುವ ಜಾಗದ ಅಳತೆಯನ್ನು ಬೇರೆಯಾಗಿ ಬರೆಯಿರಿ. ಮುಂದಿನ ಕೋಣೆಯಲ್ಲಿ ಅಂಗಡಿ ಇದೆ ಅಂತ ಇಡೀ ಮನೆಗೆ ಅಂಗಡಿ ದರ ಹಾಕಿದ್ದರೆ ಲಿಖಿತವಾಗಿ ಆಕ್ಷೇಪಣೆ ಕೊಡಿ. ಅಂಗಡಿ ಇದ್ದೂ ಇಲ್ಲ ಅಂತ ಬರೆದರೆ ಮುಂದೆ ತಪಾಸಣೆಯಲ್ಲಿ ವ್ಯತ್ಯಾಸದ ಹಣ ಮತ್ತು ದಂಡ ಎರಡೂ ಬರುತ್ತದೆ.

ಯಾವಾಗ ಕಟ್ಟಬೇಕು?

ತೆರಿಗೆ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ.

- ಏಪ್ರಿಲ್ ತಿಂಗಳಲ್ಲಿ ಕಟ್ಟಿದರೆ ತೆರಿಗೆಯಲ್ಲಿ ಶೇ. 5 ರಿಯಾಯಿತಿ. ನಮ್ಮ ಉದಾಹರಣೆಯಲ್ಲಿ 75 ರೂ. ಉಳಿಯುತ್ತದೆ.
- ಮೇ, ಜೂನ್‌ನಲ್ಲಿ ಕಟ್ಟಿದರೆ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ.
- ಜುಲೈಯಿಂದ ತಿಂಗಳಿಗೆ ಶೇ. 2 ದಂಡ. ಮಾರ್ಚ್‌ವರೆಗೆ ಬಿಟ್ಟರೆ ಒಂಬತ್ತು ತಿಂಗಳಿಗೆ ಶೇ. 18, ಅಂದರೆ 270 ರೂ.

ರಿಯಾಯಿತಿಯ ಅವಧಿಯನ್ನು ಕೆಲವು ವರ್ಷ ಸರ್ಕಾರ ಮುಂದಕ್ಕೆ ಹಾಕಿದ್ದೂ ಉಂಟು, ಆದರೆ ಅದನ್ನೇ ನಂಬಿ ಕೂರಬೇಡಿ. ಏಪ್ರಿಲ್ ಅಂದರೆ ಮಕ್ಕಳ ಶಾಲೆ ಖರ್ಚು ಶುರುವಾಗುವ ಸಮಯ, ಕೈಯಲ್ಲಿ ದುಡ್ಡು ಇರೋದಿಲ್ಲ. ಹಾಗಾಗಿ ನಮ್ಮ ಕೆಲವು ಸಂಘಗಳು ವಾರದ ಉಳಿತಾಯದ ಜೊತೆ ಕಂದಾಯಕ್ಕೆ ಅಂತಲೇ ನಲವತ್ತು ರೂಪಾಯಿ ಎತ್ತಿಡುತ್ತಾ ಬಂದಿವೆ. ವರ್ಷಕ್ಕೆ 2,080 ರೂ. ಆಗುತ್ತದೆ. ಒಳ್ಳೆಯ ಅಭ್ಯಾಸ, ಬೇರೆಯವರೂ ಮಾಡಬಹುದು.

ಬಾಕಿ ಬಿಟ್ಟರೆ ಅದು ವ್ಯಕ್ತಿ ಸತ್ತರೂ ಹೋಗೋದಿಲ್ಲ, ಆಸ್ತಿಯ ಮೇಲೆ ಹೊಣೆಯಾಗಿ ಕೂರುತ್ತದೆ. ಸೈಟು ಕೊಳ್ಳುವವರು ಹಿಂದಿನ ಕಂದಾಯ ಪೂರಾ ಕಟ್ಟಿದೆಯಾ ಅಂತ ನೋಡಿಯೇ ಮುಂಗಡ ಕೊಡಿ.

ಇ-ಖಾತೆ ಕಡ್ಡಾಯ ಆದದ್ದು

2024ರ ಅಕ್ಟೋಬರಿನಿಂದ ಪಟ್ಟಣಗಳಲ್ಲಿ ಇ-ಖಾತೆ ಇಲ್ಲದೆ ಆಸ್ತಿಯ ನೋಂದಣಿ ಆಗೋದಿಲ್ಲ. ಮಾರಲು, ಕೊಳ್ಳಲು, ದಾನ ಕೊಡಲು, ಪಾಲು ಮಾಡಿ ರಿಜಿಸ್ಟರ್ ಮಾಡಿಸಲು, ಎಲ್ಲದಕ್ಕೂ ಇ-ಖಾತೆ ಬೇಕು. ಹಳ್ಳಿಗಳಲ್ಲಿ 'ಇ-ಸ್ವತ್ತು' ಮೂಲಕ ನಮೂನೆ 9 ಮತ್ತು ನಮೂನೆ 11 ಕೊಡುವ ಪದ್ಧತಿ ಅದಕ್ಕಿಂತ ಮೊದಲೇ ಬಂದಿತ್ತು. ಒಂದೇ ಸೈಟನ್ನು ಇಬ್ಬರಿಗೆ ಮಾರುವ ಮೋಸ ತಡೆಯಲು ಇದು ಒಳ್ಳೆಯದೇ. ಆದರೆ ಹಳೇ ದಾಖಲೆ ಸರಿ ಇಲ್ಲದ ಬಡವರಿಗೆ ಕಷ್ಟವಾಯಿತು. ತೀರಿಹೋದವರ ಹೆಸರಿನ ಖಾತೆ ಇಟ್ಟುಕೊಂಡು ಇಷ್ಟು ವರ್ಷ ಹೇಗೋ ನಡೆಸಿದ್ದ ಕುಟುಂಬಗಳೆಲ್ಲಾ ಈಗ ಎದ್ದು ಓಡಾಡಬೇಕಾಯಿತು.

ಬಿ ಖಾತೆ: ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಎಷ್ಟೋ ಸದಸ್ಯೆಯರು ಚೀಟಿ ಹಣ, ಒಡವೆ ಅಡವಿಟ್ಟ ಹಣ ಸೇರಿಸಿ 'ರೆವಿನ್ಯೂ ಸೈಟು' ಕೊಂಡಿದ್ದಾರೆ. ಕೃಷಿ ಜಮೀನನ್ನು ಪರಿವರ್ತನೆ ಮಾಡದೆ, ಅಥವಾ ಪರಿವರ್ತನೆ ಆದರೂ ಬಡಾವಣೆಗೆ ಅನುಮೋದನೆ ಪಡೆಯದೆ ಮಾರಿದ ಸೈಟು ಅದು. ನೋಂದಣಿ ಆಗಿದೆ, ಮನೆಯೂ ಎದ್ದಿದೆ, ಆದರೆ ಖಾತೆ ಇಲ್ಲ.

ಇಂಥವರಿಗಾಗಿ ಸರ್ಕಾರ ಪೌರಸಭೆಗಳ ಕಾಯ್ದೆಗೆ ತಿದ್ದುಪಡಿ ತಂದು, 2025ರ ಫೆಬ್ರವರಿಯಲ್ಲಿ ನಿಯಮ ಹೊರಡಿಸಿ ಬಿ ಖಾತೆ ಕೊಡಲು ಶುರು ಮಾಡಿತು. ಮುಖ್ಯ ಅಂಶಗಳು ಇಷ್ಟು:

1. 2024ರ ಸೆಪ್ಟೆಂಬರ್ 10ಕ್ಕೆ ಮೊದಲು ನೋಂದಣಿ ಆಗಿರುವ ಪತ್ರ ಇರಬೇಕು.
2. ಮೊದಲ ವರ್ಷ ತೆರಿಗೆ ಎರಡು ಪಟ್ಟು. ನಮ್ಮ ಉದಾಹರಣೆಯ ಮನೆಗೆ 1,500 ರೂ. ಬದಲು 3,000 ರೂ. ಮುಂದಿನ ವರ್ಷಗಳಲ್ಲಿ ಎಲ್ಲರಂತೆ ಒಂದೇ ಪಟ್ಟು.
3. ಸರ್ಕಾರಿ ಜಾಗದಲ್ಲಿ, ಅರಣ್ಯದಲ್ಲಿ ಕಟ್ಟಿದ ಮನೆಗೆ ಬಿ ಖಾತೆ ಇಲ್ಲ. ಸರ್ಕಾರಿ ಜಾಗದಲ್ಲಿ ಬಹಳ ಕಾಲದಿಂದ ವಾಸ ಇರುವವರ ದಾರಿ ಬೇರೆ: ಭೂ ಕಂದಾಯ ಕಾಯ್ದೆಯ 94-ಸಿ, ಪಟ್ಟಣದಲ್ಲಿ 94-ಸಿಸಿ ಕಲಂ ಪ್ರಕಾರ ತಹಶೀಲ್ದಾರರಿಂದ ಹಕ್ಕುಪತ್ರ.

ಬಿ ಖಾತೆಗೆ ಬೇಕಾದ ಕಾಗದಗಳು: ನೋಂದಾಯಿತ ಕ್ರಯಪತ್ರ, ಇಲ್ಲಿವರೆಗಿನ ಋಣಭಾರ ಪತ್ರ ಅಂದರೆ ಇ.ಸಿ., ಈ ಸಾಲಿನ ತೆರಿಗೆ ರಸೀದಿ, ಮಾಲೀಕರ ಫೋಟೋ, ಸ್ವತ್ತಿನ ಫೋಟೋ, ಗುರುತಿನ ಚೀಟಿ.

ಈಗ ಮುಖ್ಯ ಮಾತು. ಬಿ ಖಾತೆ ಸಿಕ್ಕಿತು ಅಂದರೆ ಬಡಾವಣೆ ಸಕ್ರಮ ಆಯಿತು ಅಂತ ಅರ್ಥ ಅಲ್ಲ. ಸರ್ಕಾರ ಆಸ್ತಿಯನ್ನು ಲೆಕ್ಕಕ್ಕೆ ತೆಗೆದುಕೊಂಡು ತೆರಿಗೆ ವಸೂಲು ಮಾಡುತ್ತದೆ, ನೋಂದಣಿಗೆ ದಾರಿ ಆಗುತ್ತದೆ, ಅಷ್ಟೇ. ಸಾಲದ ವಿಷಯದಲ್ಲಿ ಬಿ ಖಾತೆಯನ್ನು ಬ್ಯಾಂಕುಗಳು ಅನುಮಾನದಿಂದಲೇ ನೋಡುತ್ತವೆ. "ಬಿ ಖಾತೆ ಇದೆ, ಧೈರ್ಯವಾಗಿ ತಗೊಳ್ಳಿ" ಅಂತ ಯಾರಾದರೂ ಹೊಸದಾಗಿ ರೆವಿನ್ಯೂ ಸೈಟು ತೋರಿಸಿದರೆ, ಆ ಸೈಟಿನ ಪತ್ರ ಯಾವ ದಿನಾಂಕದ್ದು ಅಂತ ಮೊದಲು ಕೇಳಿ. ಸೆಪ್ಟೆಂಬರ್ 2024ರ ನಂತರ ಹೊಸದಾಗಿ ತುಂಡು ಮಾಡಿದ ಸೈಟು ಈ ಸೌಲಭ್ಯದೊಳಗೆ ಬರುವುದಿಲ್ಲ.

ಆದರೂ ಈಗಾಗಲೇ ಅಂಥ ಮನೆಯಲ್ಲಿ ವಾಸ ಇರುವ ನಮ್ಮ ಸದಸ್ಯೆಯರಿಗೆ ನಾವು ಹೇಳುವುದು: ಮಾಡಿಸಿಕೊಳ್ಳಿ. ಲೆಕ್ಕದಲ್ಲಿ ಇಲ್ಲದ ಮನೆಗಿಂತ ಲೆಕ್ಕದಲ್ಲಿರುವ ಮನೆ ಮೇಲು. ಬಿ ಖಾತೆಯಿಂದ ಎ ಖಾತೆಗೆ ಹೋಗುವ ಬಗ್ಗೆ ಸರ್ಕಾರದ ಆದೇಶ ಬಂದಾಗ ಮೊದಲು ಅವಕಾಶ ಇರುವುದೂ ದಾಖಲೆಯಲ್ಲಿ ಇದ್ದವರಿಗೇ.

ಹಳ್ಳಿಯಲ್ಲಿ ಇರುವವರಿಗೆ

ಗ್ರಾಮ ಪಂಚಾಯತಿಗಳಿಗೆ 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ. ಮನೆ ಮತ್ತು ನಿವೇಶನದ ಮೇಲೆ ತೆರಿಗೆ ಹಾಕುವ ಅಧಿಕಾರ ಅದರ 199ನೇ ಕಲಂನಲ್ಲಿದೆ. ಗ್ರಾಮಠಾಣಾದ ಮನೆ ಮತ್ತು ಅನುಮೋದನೆ ಆದ ಬಡಾವಣೆಯ ಸ್ವತ್ತಿಗೆ ನಮೂನೆ 9 ಮತ್ತು ಅದರ ಜೊತೆ ನಮೂನೆ 11-ಎ. ಅನುಮೋದನೆ ಇಲ್ಲದ ಸ್ವತ್ತಿಗೆ ನಮೂನೆ 11-ಬಿ. 2025ರಲ್ಲಿ ಈ ಕಾಯ್ದೆಗೂ ತಿದ್ದುಪಡಿ ಆಗಿ, ಇಷ್ಟು ದಿನ ತೆರಿಗೆಯ ಹೊರಗೆ ಉಳಿದಿದ್ದ ಅನುಮೋದನೆ ಇಲ್ಲದ ಮನೆ, ನಿವೇಶನಗಳನ್ನು ಲೆಕ್ಕಕ್ಕೆ ತರಲು ಅವಕಾಶ ಮಾಡಿದ್ದಾರೆ. ಪಟ್ಟಣದ ಬಿ ಖಾತೆಗೆ ಹೇಳಿದ ಎಚ್ಚರಿಕೆಯೇ 11-ಬಿಗೂ ಸಲ್ಲುತ್ತದೆ.

ಪಂಚಾಯತಿಯಲ್ಲಿ ನಿಮ್ಮ ಮನೆಯ ಹೆಸರು, ಅಳತೆ, ಚಕ್ಕುಬಂದಿ ಸರಿಯಾಗಿದೆಯಾ ಅಂತ ಒಮ್ಮೆ ಪಿಡಿಒ ಹತ್ತಿರ ಹೋಗಿ ನೋಡಿಕೊಳ್ಳಿ. ತಪ್ಪಿದ್ದರೆ ತಿದ್ದುಪಡಿಗೆ ಆಗಲೇ ಅರ್ಜಿ ಕೊಡಿ. ಸಾಲ ಬೇಕಾದ ದಿನ ಹೋಗಿ ನೋಡಿದರೆ ಆಗ ಸಮಯ ಇರೋದಿಲ್ಲ. ತೆರಿಗೆ ದರದ ಮಾತು ಗ್ರಾಮ ಸಭೆಯಲ್ಲಿ ಬಂದಾಗ ನಾವು ಅಲ್ಲಿ ಇರಬೇಕು, ಕೇಳಬೇಕು.

ತೀರಿಹೋದವರ ಹೆಸರಿನ ಖಾತೆ

ನಮ್ಮ ಅನುಭವದಲ್ಲಿ ಹೆಣ್ಣುಮಕ್ಕಳಿಗೆ ದೊಡ್ಡ ಪೆಟ್ಟು ಬೀಳುವುದು ಇಲ್ಲೇ. ಗಂಡ ತೀರಿದ ಮೇಲೆ ವರ್ಷಗಟ್ಟಲೆ ಖಾತೆ ಬದಲಾಯಿಸದೆ ಬಿಡುತ್ತೇವೆ. "ಯಾರು ಕೇಳ್ತಾರೆ, ನಾನೇ ಇದ್ದೀನಲ್ಲಾ" ಅಂದುಕೊಳ್ಳುತ್ತೇವೆ. ಇ-ಖಾತೆ ಕಡ್ಡಾಯ ಆದ ಮೇಲೆ ಎಲ್ಲರೂ ಒಮ್ಮೆಗೇ ಕಾಗದ ಮಾಡಿಸಲು ಹೊರಟಿದ್ದಾರೆ, ಆ ಗಡಿಬಿಡಿಯಲ್ಲಿ ಯಾರ ಹೆಸರು ಸೇರುತ್ತದೆ, ಯಾರ ಹೆಸರು ಬಿಟ್ಟುಹೋಗುತ್ತದೆ ಅನ್ನೋದನ್ನು ನಾವು ಗಮನಿಸಬೇಕು.

ಉಯಿಲು ಬರೆಯದೆ ತೀರಿಕೊಂಡರೆ ಪಾಲು ಯಾರಿಗೆ?

ಹಿಂದೂ ಕುಟುಂಬ: ಗಂಡಸಿನ ಸ್ವಂತ ಸಂಪಾದನೆಯ ಆಸ್ತಿ ಹೆಂಡತಿ, ಗಂಡು ಮಕ್ಕಳು, ಹೆಣ್ಣು ಮಕ್ಕಳು ಮತ್ತು ತಾಯಿಗೆ ಸಮ ಪಾಲು. ಪಿತ್ರಾರ್ಜಿತ ಆಸ್ತಿಯಲ್ಲಿ 2005ರ ತಿದ್ದುಪಡಿ ಪ್ರಕಾರ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. ಮದುವೆಯಾದರೂ ಹಕ್ಕು ಹೋಗೋದಿಲ್ಲ.

ಕ್ರೈಸ್ತ ಕುಟುಂಬ: 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿಗೆ ಮೂರರಲ್ಲಿ ಒಂದು ಪಾಲು. ಉಳಿದ ಎರಡು ಪಾಲು ಮಕ್ಕಳಿಗೆ, ಗಂಡು ಹೆಣ್ಣು ಭೇದವಿಲ್ಲದೆ ಸಮನಾಗಿ.

ಮುಸ್ಲಿಂ ಕುಟುಂಬ: ಅವರ ವೈಯಕ್ತಿಕ ಕಾನೂನು. ಮಕ್ಕಳಿದ್ದರೆ ಹೆಂಡತಿಗೆ ಎಂಟರಲ್ಲಿ ಒಂದು ಪಾಲು, ಹೆಣ್ಣುಮಕ್ಕಳಿಗೂ ಪಾಲು ಉಂಟು.

ಖಾತೆ ಬದಲಾವಣೆಗೆ ಬೇಕಾದದ್ದು: ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಮೂಲ ಪತ್ರ, ಇ.ಸಿ., ತೆರಿಗೆ ರಸೀದಿ, ವಾರಸುದಾರರ ಗುರುತಿನ ಚೀಟಿ ಮತ್ತು ಪ್ರಮಾಣಪತ್ರ. ಎಲ್ಲಾ ವಾರಸುದಾರರ ಹೆಸರಿಗೆ ಜಂಟಿ ಖಾತೆ ಮಾಡಿಸಬಹುದು. ಅದಕ್ಕಾಗಿ ಯಾರೂ ಹಕ್ಕು ಬಿಟ್ಟುಕೊಡಬೇಕಾಗಿಲ್ಲ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಯಾರಾದರೂ ಸಹಿ ಕೇಳಿದರೆ ಕಾಗದದ ಮೇಲ್ಭಾಗ ಓದಿಸಿ. 'ಹಕ್ಕು ಬಿಡುಗಡೆ ಪತ್ರ', 'ಹಕ್ಕು ನಿವೃತ್ತಿ ಪತ್ರ', 'ದಾನಪತ್ರ' ಅಂತ ಇದ್ದರೆ ನಿಲ್ಲಿಸಿ. ತವರಿನ ಆಸ್ತಿಯಲ್ಲಿ ಅಣ್ಣ ತಮ್ಮಂದಿರಿಗೆ ಪ್ರೀತಿಯಿಂದ ಬಿಟ್ಟುಕೊಡುವುದು ನಿಮ್ಮ ಇಷ್ಟ. ಆದರೆ ಗೊತ್ತಿದ್ದು ಬಿಟ್ಟುಕೊಡಬೇಕು. ಖಾತೆಗೆ ಸಹಿ ಅಂದುಕೊಂಡು ಹಕ್ಕಿಗೆ ಸಹಿ ಹಾಕುವುದು ಬೇಡ.

ಕಚೇರಿಗೆ ಹೋದಾಗ

- ಅರ್ಜಿಯನ್ನು ಬರಹದಲ್ಲಿ ಕೊಡಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.
- ಖಾತೆ ಬದಲಾವಣೆ ಸಕಾಲ ಯೋಜನೆಯಲ್ಲಿದೆ. ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಅದರಲ್ಲಿ 15 ಅಂಕಿಯ ಸಂಖ್ಯೆ ಇರುತ್ತದೆ. ಹೇಳಿದ ದಿನದೊಳಗೆ ಆಗದಿದ್ದರೆ ಅದೇ ಸಂಖ್ಯೆ ಹಿಡಿದು ಮೇಲಿನ ಅಧಿಕಾರಿಗೆ ಮೇಲ್ಮನವಿ ಕೊಡಬಹುದು.
- ರಸೀದಿ ಇಲ್ಲದೆ ಯಾರ ಕೈಗೂ ತೆರಿಗೆ ಹಣ ಕೊಡಬೇಡಿ.
- ರಸೀದಿ ಬಂದ ತಕ್ಷಣ ಹೆಸರು, ಆಸ್ತಿ ಸಂಖ್ಯೆ, ವರ್ಷ ಮೂರನ್ನೂ ಓದಿ.
- ಒಬ್ಬರೇ ಹೋಗಲು ಅಂಜಿಕೆಯಾದರೆ ಸಂಘದಿಂದ ಇಬ್ಬರು ಜೊತೆಗೆ ಹೋಗಿ.
- ವಕೀಲರ ಸಹಾಯ ಬೇಕಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ಅದು ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. 1987ರ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ 15100.

ಆ ಸದಸ್ಯೆಗೆ ಏನಾಯಿತು?

ಆಕೆ ಸಹಿ ಹಾಕಲಿಲ್ಲ. ಮನೆಯಲ್ಲಿ ಮಾತು ಬೆಳೆಯಿತು, ಮೈದುನ ಕೆಲವು ತಿಂಗಳು ಮಾತು ಬಿಟ್ಟ. ಕಾನೂನು ಸೇವಾ ಸಮಿತಿಯ ವಕೀಲರು ಆಕೆಗೆ ಒಂದು ಕಹಿ ಸತ್ಯವನ್ನೂ ಹೇಳಿದರು. ಹದಿನಾಲ್ಕು ವರ್ಷ ಒಬ್ಬಳೇ ಕಂದಾಯ ಕಟ್ಟಿದ್ದರಿಂದ ಇಡೀ ಮನೆ ಆಕೆಯದಾಗುವುದಿಲ್ಲ. ಮಾವನಿಗೆ ಮೂವರು ಮಕ್ಕಳು. ಗಂಡನ ಪಾಲಾದ ಮೂರನೇ ಒಂದು ಭಾಗ ಆಕೆಗೆ ಮತ್ತು ಮಕ್ಕಳಿಗೆ. ಇನ್ನೊಂದು ಭಾಗ ಮೈದುನನಿಗೆ, ಮತ್ತೊಂದು ನಾದಿನಿಗೆ. ಕೇಳಿ ಆಕೆ ಅತ್ತಳು. ನಮಗೂ ಬೇಸರವಾಯಿತು, ಆದರೆ ಮುಚ್ಚಿಡುವ ಮಾತಲ್ಲ ಅದು.

ಆಮೇಲೆ ಆಕೆಯೇ ನಾದಿನಿಯ ಮನೆಗೆ ಹೋಗಿ ಮಾತಾಡಿದಳು. ಆ ನಾದಿನಿಗೆ ತನಗೂ ಪಾಲಿದೆ ಅಂತ ಗೊತ್ತೇ ಇರಲಿಲ್ಲ. ಕೊನೆಗೆ ವಂಶವೃಕ್ಷ ಮಾಡಿಸಿ ಎಲ್ಲರ ಹೆಸರಿಗೆ ಜಂಟಿ ಖಾತೆ ಆಯಿತು. ಬ್ಯಾಂಕ್ ಸಾಲ ಇನ್ನೂ ಆಗಿಲ್ಲ, ಎಲ್ಲರ ಒಪ್ಪಿಗೆ ಬೇಕು ಅಂತಾರೆ. ಮಾತುಕತೆ ನಡೀತಾ ಇದೆ. ಆದರೆ ಈ ವರ್ಷದ ಕಂದಾಯದ ರಸೀದಿಯಲ್ಲಿ ಆಕೆಯ ಹೆಸರಿದೆ. ಅದನ್ನು ಸಭೆಗೆ ತಂದು ಎಲ್ಲರಿಗೂ ತೋರಿಸಿದಳು.

ಮುಂದಿನ ಸಭೆಗೆ ಬರುವಾಗ

ಪ್ರತಿಯೊಬ್ಬರೂ ನಿಮ್ಮ ಮನೆಯ ಈ ವರ್ಷದ ಕಂದಾಯ ರಸೀದಿ ತನ್ನಿ. ಒಟ್ಟಿಗೆ ಕೂತು ನೋಡೋಣ:

1. ರಸೀದಿಯಲ್ಲಿ ಯಾರ ಹೆಸರಿದೆ? ಅವರು ಬದುಕಿದ್ದಾರಾ?
2. ನಮ್ಮದು ಎ ಖಾತೆಯಾ, ಬಿ ಖಾತೆಯಾ? ಹಳ್ಳಿಯಲ್ಲಾದರೆ ನಮೂನೆ 9 ಇದೆಯಾ, 11-ಬಿ ಇದೆಯಾ?
3. ಅಳತೆ, ಚಕ್ಕುಬಂದಿ ಸರಿ ಇದೆಯಾ?
4. ಬಾಕಿ ಇದೆಯಾ? ಇದ್ದರೆ ಎಷ್ಟು ತಿಂಗಳಲ್ಲಿ ತೀರಿಸಬಹುದು?
5. ನಮ್ಮ ಹೆಸರೂ ಸೇರಬೇಕಾದರೆ ಯಾವ ಕಾಗದ ಬೇಕು? ಅದನ್ನು ತರಲು ಯಾರು ಜೊತೆಗೆ ಬರುತ್ತಾರೆ?

ಉತ್ತರಗಳನ್ನು ಸಂಘದ ನಡವಳಿ ಪುಸ್ತಕದಲ್ಲಿ ಬರೆಯಿರಿ. ತೊಡಕು ಇರುವವರ ಪಟ್ಟಿ ಮಾಡಿ ಒಕ್ಕೂಟದ ಸಭೆಗೆ ಕಳಿಸಿ. ಕಾರ್ಯಕರ್ತೆಯರ ಜೊತೆ ನಾವೂ ಬಂದು ಒಂದೊಂದಾಗಿ ನೋಡುತ್ತೇವೆ.